ಥ್ಯಾಕರೆ ಅಂದ್ರ ಏನು?

ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯ ಗ್ಯಾದರಿಂಗಿನಲ್ಲಿ ಕಿತ್ತೂರು ಚೆನ್ನಮ್ಮನ ನಾಟಕವಾಡಿದ್ದೆವು. ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಾಗಿದ್ದ ಒಂದೇ ತಪ್ಪಿಗೆ ಕಲೆಕ್ಟರ್ ಥ್ಯಾಕರೆಯ ಪಾತ್ರ ನನ್ನ ಪಾಲಿಗೆ ಬಂತು. ಬ್ಯಾಂಡ್ ಬಾರಿಸುವವರಿಂದ ಎರವಲು ತಂದ ಕೆಂಪು ಕೋಟು, ರಟ್ಟಿಗೆ ಕರಿಯ ಕಾಗದ ಅಂಟಿಸಿ ಮಾಡಿದ ಟೋಪಿ, ಮೂರೇ ಮೂರು ಮಾತು, ಆಮೇಲೆ ಗುಂಡು ತಿಂದು ಕುದುರೆಯಿಂದ ಬೀಳುವುದು. ಕುದುರೆ ಇಲ್ಲದ್ದರಿಂದ ಬೆಂಚಿನ ಮೇಲಿಂದ ಬಿದ್ದೆ. ಮನೆಗೆ ಬಂದ ಮೇಲೆ ನಮ್ಮಜ್ಜ ನಾಟಕವನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. "ಎಲ್ಲಾ ಖರೆ, ಥ್ಯಾಕರೆ ಅಂದ್ರ ಏನೋ ತಮ್ಮಾ?" ಎಂದು ಮಾತ್ರ ಕೇಳಿದರು. ಉಳ್ಳಾಗಡ್ಡಿ, ಮೆಣಸಿನಕಾಯಿ, ನಾಡಗೌಡ, ಕುಲಕರ್ಣಿ ಎಂಬ ಅಡ್ಡಹೆಸರುಗಳ ನಡುವೆ ಬಾಳಿದ ಅವರಿಗೆ, ಅರ್ಥವಿಲ್ಲದ ಅಡ್ಡಹೆಸರೊಂದು ಇರಬಹುದೆಂಬ ಕಲ್ಪನೆಯೇ ಇರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಹುಡುಕಲು ನಾನು ತೊಡಗಿದಾಗ ಅವರು ಇರಲಿಲ್ಲ, ಆದರೆ ಅವರ ಎಣಿಕೆ ಸರಿಯಾಗಿಯೇ ಇತ್ತು.

ಥ್ಯಾಕರೆ ಎಂಬುದು ಮೊದಲಿಗೆ ಮನುಷ್ಯನ ಹೆಸರಲ್ಲ, ನೆಲದ ಹೆಸರು. ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಶೈರ್‌ನಲ್ಲಿ, ಲೀಡ್ಸ್ ನಗರದ ವಾಯವ್ಯಕ್ಕೆ ವಾಶ್‌ಬರ್ನ್ ಎಂಬ ಚಿಕ್ಕ ನದಿಯ ಕಣಿವೆಯಿದೆ. ಆ ಕಣಿವೆಯ ಫ್ಯೂಸ್ಟನ್ ಪ್ಯಾರಿಷ್‌ನಲ್ಲಿ, ಗ್ರೇಟ್ ಟಿಂಬಲ್ ಎಂಬ ಹಳ್ಳಿಯ ಸೀಮೆಯೊಳಗೆ ಥ್ಯಾಕ್ರೇ ಎಂಬ ಜಾಗವಿತ್ತು. ಹೆಸರಿನಲ್ಲಿ ಎರಡು ತುಂಡುಗಳಿವೆ. ಮೊದಲನೆಯದು 'ಥಾಕ್', ಅಂದರೆ ಸೂರಿಗೆ ಹೊದಿಸುವ ಹುಲ್ಲು ಅಥವಾ ಜೊಂಡು. ಎರಡನೆಯದು 'ವ್ರಾ', ಅಂದರೆ ಮೂಲೆ. ಸೂರಿನ ಜೊಂಡು ಬೆಳೆಯುವ ಮೂಲೆ ಎಂಬುದು ಒಟ್ಟು ಅರ್ಥ. ಎರಡೂ ಹಳೆಯ ನಾರ್ಸ್ ಭಾಷೆಯ ಮಾತುಗಳು, ಅಂದರೆ ಸಮುದ್ರ ದಾಟಿ ಬಂದ ವೈಕಿಂಗರ ನುಡಿ. ಅವರಲ್ಲಿ ಡೆನ್ಮಾರ್ಕಿನ ಕಡೆಯವರಾದ ಡೇನರು 866ರಲ್ಲಿ ಯಾರ್ಕ್ ನಗರವನ್ನು ಹಿಡಿದರು. ಹತ್ತು ವರ್ಷಗಳ ಮೇಲೆ, 876ರಲ್ಲಿ, ಅವರ ನಾಯಕ ಹಾಫ್‌ಡನ್ ಆ ಸೀಮೆಯ ಹೊಲಗಳನ್ನು ತನ್ನವರಿಗೆ ಹಂಚಿಕೊಟ್ಟನೆಂದು ಅಲ್ಲಿನ ವೃತ್ತಾಂತಗಳು ಹೇಳುತ್ತವೆ. ಕತ್ತಿ ಹಿಡಿದು ಬಂದವರು ನೇಗಿಲು ಹಿಡಿದು ಉಳಿದದ್ದರಿಂದಲೇ ಯಾರ್ಕ್‌ಶೈರ್‌ನ ಹಳ್ಳ, ದಿಬ್ಬ, ಹೊಲಗಳಿಗೆ ಇಂದಿಗೂ ನಾರ್ಸ್ ಹೆಸರುಗಳಿವೆ.

ಈ 'ಥಾಕ್' ಎಂಬ ಮಾತಿನ ಬಂಧುಬಳಗ ದೊಡ್ಡದು. ಹುಲ್ಲು ಹೊದಿಸುವ ಕಸುಬಿನವನಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಥ್ಯಾಚರ್ ಎಂದೂ ಉತ್ತರದಲ್ಲಿ ಥ್ಯಾಕರ್ ಎಂದೂ ಹೆಸರು ನಿಂತಿತು; ಹೀಗಾಗಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಅಡ್ಡಹೆಸರೂ ನಮ್ಮ ಕಲೆಕ್ಟರನ ಅಡ್ಡಹೆಸರೂ ಒಂದೇ ಸೂರಿನ ಕೆಳಗಿನವು. ಇನ್ನೂ ಹಿಂದಕ್ಕೆ ಹೋದರೆ 'ಮುಚ್ಚು' ಎಂಬ ಅರ್ಥದ ಧಾತು ಸಿಗುತ್ತದೆ, ಸಂಸ್ಕೃತದ 'ಸ್ಥಗ್' ಕೂಡ ಅದೇ ಮೂಲದ್ದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಾವು ದಿನವೂ ಬಳಸುವ 'ಸ್ಥಗಿತ' ಅಲ್ಲಿಂದ ಬಂದದ್ದು. ಮುಚ್ಚಿಟ್ಟು ಮೋಸಮಾಡುವವನನ್ನು ಹೇಳುವ 'ಸ್ಥಗ', ಹಿಂದಿಯ 'ಠಗ್', ನಮ್ಮ 'ಠಕ್ಕ' ಇವುಗಳನ್ನೂ ಕೆಲವರು ಅದೇ ಬಳ್ಳಿಗೆ ಸೇರಿಸುತ್ತಾರೆ. ನಮ್ಮ ನಾಟಕದಲ್ಲಿ ಚೆನ್ನಮ್ಮನ ಪಾತ್ರದ ಹುಡುಗಿ ನನ್ನನ್ನು "ಠಕ್ಕ ಥ್ಯಾಕರೆ" ಎಂದು ಕರೆಯುತ್ತಿದ್ದಳು. ಪ್ರಾಸಕ್ಕಾಗಿ ಆ ಮಾತು ಬರೆದ ಮೇಷ್ಟ್ರಿಗೆ ತಾವು ವ್ಯುತ್ಪತ್ತಿಯನ್ನೂ ಬರೆದಿದ್ದೇವೆಂಬ ಅರಿವು ಇದ್ದಿರಲಾರದು.

ಆ ಜೊಂಡಿನ ಮೂಲೆ ಈಗ ಕಾಣಸಿಗುವುದಿಲ್ಲ. ಕೈಗಾರಿಕೆಯಿಂದ ಊದಿಕೊಂಡ ಲೀಡ್ಸ್ ನಗರಕ್ಕೆ ಕುಡಿಯುವ ನೀರು ಬೇಕಾಗಿ, 1870ರ ದಶಕದಲ್ಲಿ ಅಲ್ಲಿನ ನಗರಸಭೆ ವಾಶ್‌ಬರ್ನ್ ಕಣಿವೆಯಲ್ಲಿ ಸಾಲಾಗಿ ಮೂರು ಜಲಾಶಯಗಳನ್ನು ಕಟ್ಟಿಸಿತು. ಅವುಗಳಲ್ಲಿ ಫ್ಯೂಸ್ಟನ್ ಜಲಾಶಯದ ನೀರಿನಡಿಯಲ್ಲಿ ಥ್ಯಾಕ್ರೇ ಸೇರಿಹೋಯಿತು. ಬಾಗಲಕೋಟೆಯ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹೆಸರನ್ನು ಅಡ್ಡಹೆಸರಾಗಿ ಹೊತ್ತವರು ಅಲ್ಲಿಯೂ ಇದ್ದಾರೆ.

ನೆಲದ ಹೆಸರು ಮನೆತನದ ಹೆಸರಾದ ಬಗೆಯೂ ನಮಗೆ ಪರಿಚಿತವೇ. ಊರಿನಲ್ಲಿ ನಾಲ್ವರು ವಿಲಿಯಮ್ಮರಿದ್ದರೆ, ಜೊಂಡಿನ ಮೂಲೆಯ ವಿಲಿಯಂ ಯಾರೆಂದು ತಿಳಿಯಲು ಜಾಗದ ಹೆಸರನ್ನು ಸೇರಿಸಿ ಕರೆಯಬೇಕಾಗುತ್ತದೆ. ಇಂಥ ಕರೆಹೆಸರುಗಳನ್ನು ಕಾಗದಕ್ಕೆ ಇಳಿಸಿದ್ದು, ಎಲ್ಲ ಕಡೆಯಂತೆ, ಕಂದಾಯ. 1379ರಲ್ಲಿ ಹದಿನಾರು ವರ್ಷ ಮೀರಿದವರ ಮೇಲೆ ತಲೆಗಂದಾಯ ಹಾಕಿದರು. ಬಡವನಾದರೂ ನಾಲ್ಕು ಪೆನ್ಸ್ ಕೊಡಬೇಕಿತ್ತು. ಯಾರ್ಕ್‌ಶೈರ್‌ನ ಪಶ್ಚಿಮ ಭಾಗದ ಆ ಪಟ್ಟಿಗಳು ಚೆನ್ನಾಗಿ ಉಳಿದಿರುವುದರಿಂದ ಆ ಸೀಮೆಯ ಅಡ್ಡಹೆಸರುಗಳ ಅಧ್ಯಯನಕ್ಕೆ ಅವೇ ತಳಹದಿ. ಜೀವನವಿಡೀ ಈ ಒಂದು ಸೀಮೆಯ ಹೆಸರುಗಳ ಬೆನ್ನು ಹತ್ತಿದ ಇತಿಹಾಸಕಾರ ಜಾರ್ಜ್ ರೆಡ್ಮಂಡ್ಸ್, ಅಲ್ಲಿನ ಅನೇಕ ಅಡ್ಡಹೆಸರುಗಳು ಒಂದೊಂದೇ ಹೊಲಮನೆಯಿಂದ, ಬಹುಶಃ ಒಂದೊಂದೇ ಕುಟುಂಬದಿಂದ ಹುಟ್ಟಿದವೆಂದು ತೋರಿಸಿಕೊಟ್ಟರು. ಇಂಗ್ಲಿಷ್ ಅಡ್ಡಹೆಸರುಗಳಲ್ಲಿ ಕೆಲವು ಏಕೆ ವಿರಳ ಎಂಬುದಕ್ಕೆ ಮೊದಲ ಕಾರಣ ಇಲ್ಲಿದೆ. ಕಮ್ಮಾರ ಎಂಬ ಅರ್ಥದ ಸ್ಮಿತ್ ಪ್ರತಿ ಊರಿನಲ್ಲಿಯೂ ಸ್ವತಂತ್ರವಾಗಿ ಹುಟ್ಟಿತು, ಏಕೆಂದರೆ ಕಮ್ಮಾರನಿಲ್ಲದ ಊರಿಲ್ಲ. ಒಂದು ಕಣಿವೆಯ ಒಂದು ಮೂಲೆ ಮಾತ್ರ ಒಂದೇ ಸಲ ಹೆಸರಾಗಬಲ್ಲದು.

ಎರಡನೆಯ ಕಾರಣ ಕಾಗುಣಿತ. ಹದಿನೆಂಟನೆಯ ಶತಮಾನದವರೆಗೂ ಅಡ್ಡಹೆಸರಿನ ಅಕ್ಷರಗಳು ಪಾದ್ರಿಯ ಕಿವಿಗೆ ಬಿಟ್ಟ ವಿಷಯವಾಗಿದ್ದವು. ಕಣಿವೆಯವರು ಎರಡೇ ಉಸಿರಿನಲ್ಲಿ 'ಥ್ಯಾಕ್ರೇ' ಎನ್ನುತ್ತಾರೆ; ನಡುವೆ ಇಂಗ್ಲಿಷಿನ 'ಇ' (e) ಅಕ್ಷರ ಸೇರಿಸಿ ಮೂರು ಉಸಿರಿನ 'ಥ್ಯಾಕರೆ' ಎಂದು ಬರೆದವರು ಒಂದು ಕವಲಾದರು; ಹಳೆಯ 'ವ್ರಾ'ದ ಡಬ್ಲ್ಯು ಅಕ್ಷರವನ್ನು ಬಿಡದೆ ಉಳಿಸಿಕೊಂಡವರು ಇನ್ನೊಂದು ಕವಲು; ಕೊನೆಯನ್ನು 'ರಾ' ಎಂದು ಎಳೆದವರು ಥ್ಯಾಕ್ರಾ ಆದರು. ಈ ಕೊನೆಯ ಕವಲಿನ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ (1795-1833) ನನಗೆ ಈ ಹುಡುಕಾಟದಲ್ಲಿ ಸಿಕ್ಕ ಅತ್ಯುತ್ತಮ ಮನುಷ್ಯ. ಲೀಡ್ಸ್‌ನ ಅಗಸೆನಾರಿನ ಗಿರಣಿಗಳ ಧೂಳು ಕೂಲಿಗಳ ಪುಪ್ಪುಸಕ್ಕೆ ಏನು ಮಾಡುತ್ತದೆ, ದಿನವಿಡೀ ಬಗ್ಗಿ ಕುಳಿತ ದರ್ಜಿಯ ಎದೆಗೂಡು ಹೇಗಾಗುತ್ತದೆ ಎಂಬುದನ್ನು ಕಸುಬಿನಿಂದ ಕಸುಬಿಗೆ ಪರೀಕ್ಷಿಸಿ 1831ರಲ್ಲಿ ಬರೆದಿಟ್ಟವರು ಅವರು. ಕಸುಬಿನ ಕಾಯಿಲೆಗಳ ವೈದ್ಯಶಾಸ್ತ್ರ ಇಂಗ್ಲೆಂಡಿನಲ್ಲಿ ಅವರಿಂದ ಆರಂಭವಾಯಿತೆನ್ನಬಹುದು. ಎರಡು ಉಸಿರಿನ ಥ್ಯಾಕ್ರೇಗಳೂ ಅದೇ ಊರಿನಲ್ಲಿ 1902ರಲ್ಲಿ ಔಷಧದ ಅಂಗಡಿ ತೆರೆದು, ಶಸ್ತ್ರಚಿಕಿತ್ಸೆಯ ಉಪಕರಣಗಳ ತಯಾರಕರಾಗಿ ಬೆಳೆದು, ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯರು ರೂಪಿಸಿದ ಸೊಂಟದ ಕೃತಕ ಕೀಲನ್ನು ತಯಾರಿಸಿಕೊಟ್ಟರು. ಅವರ ಹೆಸರಿನ ವೈದ್ಯಕೀಯ ವಸ್ತುಸಂಗ್ರಹಾಲಯ 1997ರಿಂದ ಲೀಡ್ಸ್‌ನಲ್ಲಿದೆ.

ಇಂದು ಈ ಹೆಸರಿನವರು ಎಷ್ಟು ಜನ ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ ಎಣಿಸುವ ಬಗೆಯನ್ನು ಹೇಳಬೇಕು. ಬ್ರಿಟನ್ನಿನ ಜನಗಣತಿಯ ಹೆಸರುಪಟ್ಟಿಗಳನ್ನು ನೂರು ವರ್ಷ ಕಳೆದ ಮೇಲೆ ಮಾತ್ರ ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರ ಪಟ್ಟಿ ತೆರೆದದ್ದು 2022ರಲ್ಲಿ. ಹಳೆಯವುಗಳಲ್ಲಿ 1881ರ ಪಟ್ಟಿಯನ್ನು ಸ್ವಯಂಸೇವಕರು ಸಾಲುಸಾಲಾಗಿ ನಕಲು ಮಾಡಿ ಗಣಕಕ್ಕೆ ಇಳಿಸಿದ್ದರಿಂದ, ಯಾವ ಅಡ್ಡಹೆಸರು ಯಾವ ಸೀಮೆಯಲ್ಲಿ ದಟ್ಟವಾಗಿತ್ತೆಂದು ನಕ್ಷೆಯಲ್ಲಿ ನೋಡುವುದು ಈಗ ಸುಲಭ. ಥ್ಯಾಕ್ರೇಯ ನಕ್ಷೆಯಲ್ಲಿ ಯಾರ್ಕ್‌ಶೈರ್‌ನ ಪಶ್ಚಿಮ ಭಾಗ ಕಪ್ಪಾಗಿ, ಉಳಿದ ದೇಶ ಬಹುಪಾಲು ಬೆಳ್ಳಗೆ ಕಾಣುತ್ತದೆ. ಐದು ಶತಮಾನಗಳಾದರೂ ಹೆಚ್ಚಿನವರು ಹುಟ್ಟಿದ ಕಣಿವೆಯಿಂದ ಒಂದು ದಿನದ ನಡಿಗೆಯಾಚೆ ಹೋಗಿರಲಿಲ್ಲ. ಈಗಲೂ ಲೀಡ್ಸ್, ಹ್ಯಾರೋಗೇಟ್, ಬ್ರಾಡ್‌ಫರ್ಡ್ ಸುತ್ತಲೇ ಅವರ ನೆಲೆ. ಸ್ಮಿತ್‌ಗಳು ಬ್ರಿಟನ್ನಿನಲ್ಲಿ ಐದು ಲಕ್ಷ ಮೀರಿದರೆ, ಇವರದು ಎಲ್ಲ ಕವಲುಗಳನ್ನು ಕೂಡಿಸಿದರೂ ಕೆಲವೇ ಸಾವಿರಗಳ ಲೆಕ್ಕ. ಅದರಲ್ಲಿಯೂ ಎರಡು ಉಸಿರಿನ ರೂಪವೇ ಹೆಚ್ಚು. ನಮಗೆ ಗೊತ್ತಿರುವ ಮೂರು ಉಸಿರಿನ ರೂಪ ಅದಕ್ಕಿಂತ ವಿರಳ. ಡಬ್ಲ್ಯು ಉಳಿಸಿಕೊಂಡವರು ಬೆರಳೆಣಿಕೆಯವರಲ್ಲದಿದ್ದರೂ ಅಪರೂಪದವರು.

ವಿರಳವಾಗಲು ಮೂರನೆಯ ಕಾರಣವೊಂದಿದೆ, ಅದು ಲೆಕ್ಕಶಾಸ್ತ್ರದ್ದು. ದೊಡ್ಡ ಮನೆತನಗಳ ಹೆಸರುಗಳು ಏಕೆ ಅಳಿಯುತ್ತವೆಂದು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಒಂದು ಸಮಸ್ಯೆಯನ್ನು ಮುಂದಿಟ್ಟರು. ಪಾದ್ರಿಯೂ ಗಣಿತಜ್ಞರೂ ಆಗಿದ್ದ ಹೆನ್ರಿ ವಾಟ್ಸನ್ ಅದನ್ನು ಬಿಡಿಸಲು ಕುಳಿತರು. ಗಂಡುಮಕ್ಕಳ ಮೂಲಕವೇ ಸಾಗುವ ಹೆಸರು ಯಾವ ರೋಗ ರುಜಿನವಿಲ್ಲದೆಯೂ ಬರೀ ಆಕಸ್ಮಿಕದಿಂದಲೇ ನಿಂತುಹೋಗಬಹುದೆಂಬುದು ಅದರ ಸಾರ. ಉದಾಹರಣೆ ಬೇಕಿದ್ದರೆ, ಈ ಹೆಸರನ್ನು ಜಗತ್ತಿಗೆ ಪರಿಚಯಿಸಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ (1811-1863) ಅವರೇ ಇದ್ದಾರೆ: ಅವರಿಗೆ ಹುಟ್ಟಿದ ಮೂವರೂ ಹೆಣ್ಣುಮಕ್ಕಳು. ಹೆಸರಿಗೆ ಅಷ್ಟು ಕೀರ್ತಿ ತಂದವರ ಮನೆಯಲ್ಲಿಯೇ ಹೆಸರು ಮುಂದುವರಿಯಲಿಲ್ಲ.

ಆ ಕಾದಂಬರಿಕಾರರ ಮನೆತನದ ದಾರಿ ಮೂಲ ಕಣಿವೆಯಿಂದ ಕೆಲವೇ ಮೈಲಿ ದೂರದ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿಯಿಂದ ಹೊರಡುತ್ತದೆ. ಅಲ್ಲಿಯ ಹುಡುಗನೊಬ್ಬ ಓದಿ ಪಾದ್ರಿಯಾಗಿ, 1746ರಲ್ಲಿ ಪ್ರಸಿದ್ಧ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯರಾದರು. ಅವರಿಗೆ ಹದಿನಾರು ಮಕ್ಕಳು. ಅವರಲ್ಲಿ ಒಬ್ಬರು ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಬಂಗಾಳದ ಸಿಲ್ಹಟ್‌ಗೆ ಬಂದು, ಕಂಪನಿಗೆ ಆನೆಗಳನ್ನು ಮಾರಿ ಹಣ ಮಾಡಿಕೊಂಡು ಮರಳಿದರು. ಆ ಆನೆ ವ್ಯಾಪಾರಿಯ ಗಂಡುಮಕ್ಕಳಲ್ಲಿ ಹೆಚ್ಚಿನವರು ತಂದೆಯ ಹಾದಿಯನ್ನೇ ಹಿಡಿದರು. ರಿಚ್ಮಂಡ್ ಕಲ್ಕತ್ತೆಯಲ್ಲಿ ಅಧಿಕಾರಿಯಾಗಿದ್ದಾಗ ಅಲ್ಲಿಯೇ ಕಾದಂಬರಿಕಾರರು ಹುಟ್ಟಿದರು. ವಿಲಿಯಂ ಮದ್ರಾಸಿನ ಕಡೆ ಥಾಮಸ್ ಮನ್ರೋ ಅವರ ಗರಡಿಯಲ್ಲಿ ಪಳಗಿ, ಬಳ್ಳಾರಿ ಸೀಮೆ ಮತ್ತು ಕೆನರಾ ಜಿಲ್ಲೆಗಳನ್ನು ಕಂಡು, ರೈತವಾರಿ ಪದ್ಧತಿಯ ಪರವಾಗಿ 1807ರಲ್ಲಿ ವರದಿ ಬರೆದರು. ನಮ್ಮ ಪಹಣಿ ಪತ್ರಿಕೆಗಳ ಪೂರ್ವಜನಾದ ಆ ಪದ್ಧತಿಯ ಕಡತಗಳಲ್ಲಿ ಥ್ಯಾಕರೆಯೆಂಬ ಹೆಸರು ಹೀಗೆ ಕಿತ್ತೂರಿಗಿಂತ ಮೊದಲೇ ಕರ್ನಾಟಕಕ್ಕೆ ಬಂದಿತ್ತು.

ಇನ್ನೊಬ್ಬ ಮಗ ಸೇಂಟ್ ಜಾನ್ ಥ್ಯಾಕರೆ, ನನ್ನ ಕೆಂಪು ಕೋಟಿನವನು. ಧಾರವಾಡದ ಕಲೆಕ್ಟರನಾಗಿ, ಕಿತ್ತೂರಿನ ದತ್ತಕವನ್ನು ಒಪ್ಪದೆ ಭಂಡಾರಕ್ಕೆ ಮುದ್ರೆಯೊತ್ತಿ, 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಸತ್ತವನು. ಅಮಟೂರು ಬಾಳಪ್ಪನ ಗುಂಡು ಎಂದು ನಮ್ಮ ಕಡೆಯ ಹಾಡು, ನಾಟಕಗಳೆಲ್ಲ ಹೇಳುತ್ತವೆ. ಅಂದು ಸೆರೆಸಿಕ್ಕ ಅವನ ಸಹಾಯಕ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಊರೂರು ಅಲೆದು ಪ್ರತಿ ಮಾಡಿಸಿ ವಿದ್ವಾಂಸನೆಂದು ಹೆಸರಾದ. ಚೆನ್ನಮ್ಮನ ವಿಜಯೋತ್ಸವ ನಡೆಯುವ ಪ್ರತಿ ಅಕ್ಟೋಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಶಾಲೆಗಳಲ್ಲಿ ಈ ವಿರಳ ಯಾರ್ಕ್‌ಶೈರ್ ಹೆಸರು ಅದರ ತವರಿಗಿಂತ ಹೆಚ್ಚು ಸಲ ಕೇಳಿಬರುತ್ತದೆಂದು ನನ್ನ ಗುಮಾನಿ.

ಉಳಿದಿರುವುದು ಮುಂಬಯಿಯ ಸಂಗತಿ. ಮರಾಠಿಯ ಠಾಕರೆಗೂ ಜೊಂಡಿನ ಮೂಲೆಗೂ ಯಾವ ನಂಟೂ ಇಲ್ಲ. ಆದರೆ ಪ್ರಬೋಧನಕಾರರೆಂದು ಪ್ರಸಿದ್ಧರಾದ ಕೇಶವ ಸೀತಾರಾಮ ಠಾಕರೆ (1885-1973) ಇಂಗ್ಲಿಷ್ ಕಾದಂಬರಿಕಾರರ ಅಭಿಮಾನಿಯಾಗಿ ತಮ್ಮ ಹೆಸರನ್ನು ರೋಮನ್ ಲಿಪಿಯಲ್ಲಿ ಅವರಂತೆಯೇ, ನಡುವೆ ಸಿ ಮತ್ತು ಕೆ ಅಕ್ಷರಗಳನ್ನಿಟ್ಟು ಬರೆಯತೊಡಗಿದರೆಂದು ಹೇಳುತ್ತಾರೆ. ಅವರ ಮಗ ಬಾಳಾಸಾಹೇಬರು 1966ರಲ್ಲಿ ಶಿವಸೇನೆ ಕಟ್ಟಿದ ಮೇಲೆ ಆ ಕಾಗುಣಿತ ದೇಶಕ್ಕೆಲ್ಲ ಗೊತ್ತಾಯಿತು. ಅದೇ ಹೆಸರಿನ, ಬಿಜೆಪಿಯ ಅಧ್ಯಕ್ಷರಾಗಿದ್ದ ಕುಶಾಭಾವು ಠಾಕರೆಯವರದು ಸರಳ ರೋಮನ್ ಕಾಗುಣಿತ. ಅವರನ್ನು ಯಾರೂ ಯಾರ್ಕ್‌ಶೈರ್‌ಗೆ ಸೇರಿಸಲಾರರು. ರೋಮನ್ ಅಕ್ಷರಗಳನ್ನಷ್ಟೇ ನೋಡಿ ಜಗತ್ತಿನ ಅಡ್ಡಹೆಸರುಗಳನ್ನು ಎಣಿಸುವವರು ಎರಡು ಬೇರೆ ವಂಶಗಳನ್ನು ಒಂದೇ ಕಣಜಕ್ಕೆ ಸುರಿಯುವುದು ಅನಿವಾರ್ಯ. ಕನ್ನಡಕ್ಕೆ ಈ ಗೊಂದಲವಿಲ್ಲ, ಏಕೆಂದರೆ ಒಂದನ್ನು ತಕಾರದ ವರ್ಗದ ಥ ಅಕ್ಷರದಿಂದಲೂ ಇನ್ನೊಂದನ್ನು ಟಕಾರದ ವರ್ಗದ ಠ ಅಕ್ಷರದಿಂದಲೂ ಬರೆಯುತ್ತೇವೆ.

ಗೊಂದಲವಿಲ್ಲ ಎಂದೆನಾದರೂ ನಮ್ಮ ಗ್ಯಾದರಿಂಗಿನ ಕರಪತ್ರ ಬೇರೆಯದನ್ನೇ ಹೇಳುತ್ತದೆ. ಗಡಿಯ ಗಲಾಟೆಯಿಂದಾಗಿ ಆ ದಿನಗಳಲ್ಲಿ ಮುಂಬಯಿಯ ಹೆಸರು ಪತ್ರಿಕೆಗಳಲ್ಲಿ ನಿತ್ಯವೂ ಅಚ್ಚಾಗುತ್ತಿತ್ತು. ಮೊಳೆ ಜೋಡಿಸುವವನ ಕೈ ರೂಢಿಯಂತೆ ಠ ಅಕ್ಷರಕ್ಕೇ ಹೋಗಿತ್ತು. ಹಿಂದಿನ ರಾತ್ರಿ ಮೇಷ್ಟ್ರು ಲಾಟೀನಿನ ಮುಂದೆ ಕುಳಿತು ಒಂದೊಂದೇ ಪ್ರತಿಯಲ್ಲಿ ನೀಲಿ ಶಾಯಿಯಿಂದ ಠ ಹೊಡೆದು ಥ್ಯಾ ಬರೆದರು, ನಾನು ಪ್ರತಿಗಳನ್ನು ಒಣಗಲು ಹರವಿದೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ಪ್ರತಿ ಮಾತ್ರ ಮೇಷ್ಟ್ರ ಕಣ್ಣು ತಪ್ಪಿಸಿಕೊಂಡದ್ದು. ಅದರಲ್ಲಿ ನನ್ನ ಹೆಸರಿನ ಎದುರು ಈಗಲೂ 'ಕಲೆಕ್ಟರ್ ಠಾಕರೆ' ಎಂದೇ ಇದೆ.