ರಾಯಚೂರಿನಿಂದ ಮಹಾಬಲಿಪುರಕ್ಕೆ: ತೆಂಗಿನಕಾಯಿ ಒಯ್ಯುವ ಮುಂಚೆ ಓದಿ

ಮಹಾಬಲಿಪುರದ ಕಡಲ ದಂಡೆಯ ಗುಡಿಗೆ ಹೊರಟವರಿಗೆ ಮೊದಲ ಮಾತು: ಅಲ್ಲಿ ಪೂಜೆ ಇಲ್ಲ. ಇದು ಗೊತ್ತಿಲ್ಲದೆ ನಮ್ಮವ್ವ ರಾಯಚೂರಿನಿಂದಲೇ ಕಾಯಿ, ಕರ್ಪೂರ, ಊದಿನಕಡ್ಡಿ ಎಲ್ಲಾ ಚೀಲಕ್ಕೆ ತುಂಬಿಕೊಂಡು ಬಂದಿದ್ದಳು. ಗೇಟಿನಲ್ಲಿ ಕಾಯಿ ಒಡೆಯೋ ಹಾಗಿಲ್ಲ ಅಂದಾಗ, "ಪೂಜೆ ಇಲ್ಲದ ಗುಡಿಗೆ ನಲವತ್ತು ರೂಪಾಯಿ ಯಾಕೋ?" ಅಂತ ನನ್ನನ್ನೇ ಬೈದಳು. ಟಿಕೆಟ್ ಬಿಸಾಕಬೇಡಿ, ಅದೇ ಊರಲ್ಲಿ ಬಂಡೆಯಲ್ಲಿ ಕೊರೆದ ಪಂಚರಥ ಗುಡಿಗಳಿಗೂ ಅದೇ ನಡೆಯುತ್ತದೆ.

ದಾರಿ ನಮಗೆ ಸುಲಭ. ಮುಂಬೈ–ಚೆನ್ನೈ ರೈಲು ಹೋಗೋದೇ ನಮ್ಮೂರ ಮೇಲೆ ಅಲ್ವಾ, ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಚೆನ್ನೈ. ಬಳ್ಳಾರಿಯವರು ಗುಂತಕಲ್ಲಿಗೆ ಬಂದು ಹತ್ತಬಹುದು. ಮುಂದೆ ಬಸ್ಸಿನಲ್ಲಿ 55–60 ಕಿ.ಮೀ. ಆದರೆ ಇಳಿದ ಕೂಡಲೇ ಗುಡಿಗೆ ಓಡಬೇಡಿ. ನಾವು ಮಧ್ಯಾಹ್ನ 12ಕ್ಕೆ ಹೋಗಿ, ರಾಯಚೂರ ಬಿಸಿಲು ಉಂಡವರೇ ಆ ಉಪ್ಪು ಗಾಳಿಯ ಬೆವರಿಗೆ ಸೋತು ವಾಪಸ್ ಬಂದೆವು. ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ 6ಕ್ಕೆ ಗೇಟು ತೆಗೆದಾಗಲೇ ಒಳಗೆ ಹೋಗಿ.

ಆಗ ಕಾಣೋದೇ ಬೇರೆ. ದೊಡ್ಡ ಗರ್ಭಗುಡಿ ಪೂರ್ವಕ್ಕಿದೆ, ಸೂರ್ಯ ಕಡಲಿನಿಂದ ಎದ್ದು ನೇರ ಒಳಗೆ ಬರುತ್ತಾನೆ. ಒಳಗೆ 16 ಮಗ್ಗುಲಿನ ಲಿಂಗ, ತುದಿ ಮುರಿದಿದೆ. ಹಿಂದಿನ ಗೋಡೆಯಲ್ಲಿ ಶಿವ, ಪಾರ್ವತಿ, ನಡುವೆ ಪುಟ್ಟ ಸ್ಕಂದ. ಪಶ್ಚಿಮಕ್ಕೆ ಇನ್ನೊಂದು ಸಣ್ಣ ಶಿವನ ಗುಡಿ. ಎರಡರ ನಡುವೆ ವಿಷ್ಣು ಮಲಗಿದ್ದಾನೆ, ಅಲ್ಲೇ ಇದ್ದ ಬಂಡೆಯನ್ನೇ ಕಡೆದ ಮೂರ್ತಿ. ಗೋಡೆಯ ಮೇಲಿನ ಸಾಲು ನಂದಿಗಳನ್ನು ಹತ್ತಿರದಿಂದ ನೋಡಿ: ಉಪ್ಪು ಗಾಳಿ ಕಣ್ಣು ಮೂಗು ಎಲ್ಲಾ ತಿಂದು, ಚೀಪಿಟ್ಟ ಬೆಲ್ಲದಚ್ಚಿನ ಹಾಗೆ ನುಣ್ಣಗಾಗಿವೆ.

ಕಟ್ಟಿಸಿದವನು ಪಲ್ಲವರ ರಾಜಸಿಂಹ, ಅಂದರೆ ಎರಡನೇ ನರಸಿಂಹವರ್ಮ, 8ನೇ ಶತಮಾನದ ಶುರುವಿನಲ್ಲಿ. ಇವನ ಮುತ್ತಜ್ಜನೇ 642ರಲ್ಲಿ ನಮ್ಮ ಬಾದಾಮಿಗೆ ನುಗ್ಗಿದ ಮಾಮಲ್ಲ, ಊರಿಗೆ ಮಾಮಲ್ಲಪುರ ಅನ್ನೋದು ಅವನ ಹೆಸರೇ. (ಆಮೇಲೆ ಬಾದಾಮಿ ಚಾಲುಕ್ಯರ ನಮ್ಮ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದರೂ ಅಲ್ಲಿಯ ಕೈಲಾಸನಾಥ ಗುಡಿ ಮುಟ್ಟಲಿಲ್ಲ, ಅಲ್ಲೇ ಕನ್ನಡ ಶಾಸನ ಬರೆಸಿ ಬಂದ.) ಮೊದಲು ಪಂಚರಥ ನೋಡಿ ಆಮೇಲೆ ಇಲ್ಲಿಗೆ ಬಂದರೆ ವ್ಯತ್ಯಾಸ ತಿಳಿಯುತ್ತದೆ ಅನ್ನುತ್ತಾರೆ, ನಿಜ, ಅವು ಬಂಡೆಯಲ್ಲೇ ಕೊರೆದವು, ಇದು ಗ್ರಾನೈಟ್ ಕಲ್ಲು ಕಡಿದು ತಂದು ಜೋಡಿಸಿ 60 ಅಡಿ ಎಬ್ಬಿಸಿದ್ದು. ಆದರೂ ಬೆಳಗಿನ ಹೊತ್ತನ್ನು ಇದಕ್ಕೇ ಕೊಡಿ. ನಮ್ಮ ರಾಯಚೂರು ಕೋಟೆ ಗೋಡೆಯಲ್ಲಿ 1294ರ ಶಾಸನ ಇರುವ 41 ಅಡಿ ಉದ್ದದ ಒಂದೇ ಕಲ್ಲು ನೋಡಿ ಬೆಳೆದ ನನಗೆ ಮೊದಲು ಕಣ್ಣು ಹೋಗಿದ್ದೇ ಕಲ್ಲಿನ ಸಂದಿಗಳಿಗೆ. ಡಿಸೆಂಬರ್ 26, 2004ರ ಸುನಾಮಿಯನ್ನೂ ತಡೆದುಕೊಂಡು ನಿಂತ ಗುಡಿ ಇದು.

ಅವ್ವನ ಕಾಯಿ ಏನಾಯ್ತು ಅಂತೀರಾ? ಊರ ನಡುವೆ ಸ್ಥಲಶಯನ ಪೆರುಮಾಳ್ ಗುಡಿ ಇದೆ, ಅಲ್ಲಿ ದಿನಾ ಪೂಜೆ ಉಂಟು. ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ಸಂಜೆ ಹೋಗಿ.