ಗಾಡಿ ಸೀಜಿಂಗ್ ವ್ಯವಹಾರದ ತಯಾರಿ: ಆರನೇ ವಾರದ ಹೊತ್ತಿಗೆ

ಸಾಲದ ಕಂತು ಕಟ್ಟದವರ ಕಾರನ್ನು ಸಾಲ ಕೊಟ್ಟ ಸಂಸ್ಥೆಯ ಪರವಾಗಿ ಎಳೆದು ತರುವ ಕೆಲಸ ಇದು. ಟೋಯಿಂಗ್ ಗಾಡಿಗೆ ವೀಲ್ ಲಿಫ್ಟ್, ಅಂದರೆ ಕಾರಿನ ಎರಡು ಚಕ್ರ ಹಿಡಿದು ಎತ್ತುವ ಸಲಕರಣೆ, ಕೂರಿಸಿಯಾಯಿತು. ಯಾರ್ಡಿಗೆ ಬೇಲಿ, ದೀಪ, ಕ್ಯಾಮೆರಾ ಬಂದಿವೆ. ವಿಮೆ ಇನ್ನೂ ಬಾಕಿ. ಎಳೆಯುವಾಗ ಹಿಂದಿನ ಕಾರಿಗೆ ಆಗುವ ಹಾನಿಗೆ ಒಂದು, ಯಾರ್ಡಿನಲ್ಲಿ ನಿಂತ ಕಾರಿಗೆ ಇನ್ನೊಂದು ವಿಮೆ ಬೇಕು. ಎರಡೂ ಕೈಗೆ ಬರುವ ತನಕ ಸೀಜ್ ಮಾಡಲು ಒಂದು ಗಾಡಿಯನ್ನೂ ಎತ್ತುವಂತಿಲ್ಲ. ಸೀಜ್ ಆದ ಕಾರು ಬಾಕಿ ಕಟ್ಟಿದವರಿಗೆ ವಾಪಸ್ ಹೋಗಬಹುದಾದ ಸ್ವತ್ತು, ಅದರ ಮೇಲೆ ಒಂದು ಗೀರೂ ಬೀಳಬಾರದು.

4ನೇ ವಾರ: ತೂಕ

ಖಾಲಿ ಟೋಯಿಂಗ್ ಗಾಡಿಯನ್ನು ತೂಕದ ಸೇತುವೆಯ ಮೇಲೆ ನಿಲ್ಲಿಸಿ ಮುಂದಿನ, ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಮುಂದೆ 1,500 ಕೆಜಿ, ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 3.6 ಮೀಟರ್, ಹಿಂದಿನ ಆಕ್ಸಲ್‌ನಿಂದ ಎತ್ತುವ ಜಾಗಕ್ಕೆ 2 ಮೀಟರ್ ಎಂದಿಟ್ಟುಕೊಳ್ಳಿ. ಕಾರಿನ ಮುಂಭಾಗದ 900 ಕೆಜಿ ಎತ್ತಿದರೆ 900 × 2 ÷ 3.6, ಅಂದರೆ 500 ಕೆಜಿ ಮುಂದಿನ ಆಕ್ಸಲ್‌ನಿಂದ ಕಳೆದುಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 900 ಅಲ್ಲ, 1,400. ಇದನ್ನೇ ಬಹಳ ಜನ ಮರೆಯುವುದು. ಬೂಮನ್ನು (ಕಾರು ಎತ್ತುವ ತೋಳನ್ನು) 2.7 ಮೀಟರ್‌ವರೆಗೆ ಚಾಚಿ 1,100 ಕೆಜಿ ಎತ್ತಿದರೆ ಮುಂದೆ ಉಳಿಯುವುದು 675 ಮಾತ್ರ. ಖಾಲಿ ತೂಕದ ಅರ್ಧಕ್ಕಿಂತ ಕೆಳಗಿಳಿದರೆ ಸ್ಟೀರಿಂಗ್ ಹಗುರಾಗಿ, ಬ್ರೇಕ್ ಹಾಕಿದಾಗ ಮುಂದಿನ ಚಕ್ರ ಜಾರುತ್ತದೆ. ಆದ್ದರಿಂದ ಚಕ್ರ ಹಿಡಿದ ಮೇಲೆ ಬೂಮನ್ನು ಎಷ್ಟು ಸಾಧ್ಯವೋ ಅಷ್ಟು ಒಳಗೆ ಎಳೆದುಕೊಂಡೇ ಹೊರಡಬೇಕು.

5ನೇ ವಾರ: ಎತ್ತುವ ಅಭ್ಯಾಸ

ಅಭ್ಯಾಸಕ್ಕೆ ಹಳೆಯ ಕಾರುಗಳೇ ಸಾಕು. ಮುಂದಿನ ಚಕ್ರ ಓಡಿಸುವ ಕಾರನ್ನು ಮುಂದಿನಿಂದ ಎತ್ತಬೇಕು. ಆದರೆ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರವನ್ನು ಹಿಡಿಯುತ್ತದೆ. ಕೀ ಇಲ್ಲದೆ ಹಾಗೇ ಎಳೆದರೆ ಆ ಟೈರುಗಳು ರಸ್ತೆಗೆ ಉಜ್ಜಿ ಚಪ್ಪಟೆಯಾಗುತ್ತವೆ, ಅದಕ್ಕೇ ಹಿಂದಿನ ಚಕ್ರಗಳ ಕೆಳಗೆ ಡಾಲಿ, ಅಂದರೆ ಚಿಕ್ಕ ಚಕ್ರಗಳ ತಳ್ಳುಗಾಡಿ, ಬೇಕು. ಹಿಂದಿನಿಂದ ಎತ್ತುವಾಗ ಸ್ಟೀರಿಂಗ್ ಓರೆಯಾಗಿ ಲಾಕ್ ಆಗಿದ್ದರೆ ಕಾರು ಪಕ್ಕಕ್ಕೆ ಎಳೆಯುತ್ತದೆ, ಅಲ್ಲೂ ಡಾಲಿಯೇ ಗತಿ. ಆಟೋಮ್ಯಾಟಿಕ್ ಕಾರಿನ ಓಡಿಸುವ ಚಕ್ರ ನೆಲದಲ್ಲಿ ಉರುಳಿದರೆ, ಎಂಜಿನ್ ನಿಂತಿರುವುದರಿಂದ ಆಯಿಲ್ ಪಂಪ್ ತಿರುಗದೆ ಗೇರ್‌ಬಾಕ್ಸ್ ಒಣಗಿ ಸುಡುತ್ತದೆ. ನಾಲ್ಕೂ ಚಕ್ರ ಓಡಿಸುವ ಗಾಡಿ ಮತ್ತು ಎಲೆಕ್ಟ್ರಿಕ್ ಗಾಡಿಗಳಿಗೆ ನಾಲ್ಕೂ ಚಕ್ರ ನೆಲ ಬಿಟ್ಟಿರಲೇಬೇಕು. ಎಲೆಕ್ಟ್ರಿಕ್ ಗಾಡಿಯ ಕಾಯಂ ಅಯಸ್ಕಾಂತದ ಮೋಟಾರು, ಚಕ್ರ ಉರುಳಿದಾಗ ತಾನೇ ವಿದ್ಯುತ್ ಹುಟ್ಟಿಸಿ ಬಿಸಿಯಾಗುತ್ತದೆ.

ಡಾಲಿಯ ಟೈರು ಚಿಕ್ಕದು, ದೊಡ್ಡ ಚಕ್ರಕ್ಕಿಂತ ಬಹಳ ಹೆಚ್ಚು ಸುತ್ತು ತಿರುಗುತ್ತದೆ. ಗಾಳಿ ಕಡಿಮೆಯಿದ್ದರೆ, ಬೇರಿಂಗ್‌ನಲ್ಲಿ ಗ್ರೀಸ್ ಇಲ್ಲದಿದ್ದರೆ ಹಬ್ (ಚಕ್ರದ ನಡುಭಾಗ) ಕೈ ಸುಡುವಷ್ಟು ಕಾಯುತ್ತದೆ. ಹೊರಟ ನಾಲ್ಕೈದು ಕಿಲೋಮೀಟರಿಗೇ ನಿಲ್ಲಿಸಿ ಹಬ್ ಮುಟ್ಟಿ ನೋಡಿ, ಕಾರಿನ ಟೈರು ಕಟ್ಟಿದ ಬೆಲ್ಟುಗಳನ್ನು ಮತ್ತೆ ಬಿಗಿಯಬೇಕು. ಟೈರು ವೀಲ್ ಲಿಫ್ಟಿನ ತೊಟ್ಟಿಲಲ್ಲಿ ಕುಳಿತುಕೊಳ್ಳುತ್ತಿದ್ದಂತೆ ಬೆಲ್ಟು ಸಡಿಲವಾಗುವುದು ಸಹಜ.

6ನೇ ವಾರ: ಕಾಗದ

ಸಾಲ ಕೊಟ್ಟ ಸಂಸ್ಥೆಯ ಅಧಿಕಾರ ಪತ್ರದಲ್ಲಿರುವ ಚಾಸಿಸ್ ನಂಬರನ್ನು ಕಾರಿನ ಮುಂದಿನ ಗಾಜಿನ ಕೆಳಗಿನ ಫಲಕದ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಬೇಕು. 17 ಸ್ಥಾನಗಳ ಆ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ಇರುವುದಿಲ್ಲ, ಒ ಎಂದು ಕಂಡದ್ದು ಸೊನ್ನೆ. ಬಣ್ಣ, ಮಾದರಿ, ನಂಬರ್ ಪ್ಲೇಟ್ ಹೊಂದಿದರಷ್ಟೇ ಸಾಲದು, ಪ್ಲೇಟ್ ಬದಲಾಗಿರಬಹುದು. ತಪ್ಪು ಕಾರು ಎತ್ತಿದರೆ ಅದು ಕಳ್ಳತನದ ದೂರಾಗುತ್ತದೆ. ಹೊರಡುವ ಮುನ್ನ ಸಂಸ್ಥೆಗೆ ಫೋನ್ ಮಾಡಿ ಆದೇಶ ಇನ್ನೂ ಜಾರಿಯಲ್ಲಿದೆಯೇ ಕೇಳಬೇಕು. ಬೆಳಿಗ್ಗೆಯೇ ಕಂತು ಕಟ್ಟಿರಬಹುದು.

ಕೆಲವು ದೇಶಗಳಲ್ಲಿ ಕೋರ್ಟ್ ಆದೇಶವಿಲ್ಲದೆ ಮುಟ್ಟುವಂತೆಯೇ ಇಲ್ಲ, ಮೊದಲು ಅದನ್ನು ವಕೀಲರ ಹತ್ತಿರ ಖಚಿತಪಡಿಸಿಕೊಳ್ಳಬೇಕು. ಎಲ್ಲೇ ಆಗಲಿ ಬೀಗ ಒಡೆಯುವುದಿಲ್ಲ, ಮುಚ್ಚಿದ ಗೇಟು ತೆರೆಯುವುದಿಲ್ಲ. ಮಾಲೀಕರು ಬಂದು ಬೇಡವೆಂದರೆ ಕಾರು ಇಳಿಸಿ ವಾಪಸ್. ಕೈ ಹಾಕುವ ಮುಂಚೆ ಟಾರ್ಚ್ ಬಿಟ್ಟು ಹಿಂದಿನ ಸೀಟು ನೋಡುವುದು ಕಡ್ಡಾಯ, ಮಗು ಮಲಗಿರಬಹುದು. ಎತ್ತಿದ ಕೂಡಲೇ ಪೊಲೀಸರಿಗೆ ತಿಳಿಸಬೇಕು, ಇಲ್ಲದಿದ್ದರೆ ಕಾರು ಕಳುವಾದ ಪಟ್ಟಿ ಸೇರಬಹುದು.

ಒಳಗಿನ ಸಾಮಾನಿನ ಪಟ್ಟಿಯನ್ನು ಇಬ್ಬರು ಸೇರಿ ಬರೆದು, ಫೋಟೊ ತೆಗೆದು, ಚೀಲಕ್ಕೆ ಸೀಲು ಹಾಕಬೇಕು. ಔಷಧಿ, ಮಗುವಿನ ಸೀಟು, ದಾಖಲೆಗಳು ಅಂದೇ ಮರಳುವಂತೆ ಯಾರ್ಡಿನಲ್ಲಿ ಬೇರೆ ಕಪಾಟು ಇಡಲಾಗಿದೆ. ಅದರ ಬೀಗದ ಕೀ ಯಾರ ಹತ್ತಿರ ಇರಬೇಕು ಎಂಬುದು ಈ ವಾರದ ಉಳಿದ ಕೆಲಸ.