ಕಮಿಷನ್ ಇಳದೈತಿ ಅಂತ ನಾನೇ ಹೇಳಿದ್ದೆ

ನಾವು ಮಾಲು ಮಾರೋ ಆನ್‌ಲೈನ್ ಪೋರ್ಟಲ್‌ನ ದಸರಾ ಸೇಲಿನ ಮೂರನೇ ದಿನ, ಸೋಮವಾರ, ಮಧ್ಯಾಹ್ನ 3:40. ಮೇಜಿನ ಮೇಲೆ ಲೇಬಲ್ ಹಚ್ಚಿದ 96 ಬಾಕ್ಸ್. 5 ಗಂಟೆಗೆ ಪಿಕಪ್. ಚಹಾ ಕುಡೀತಾ ಪ್ಯಾನೆಲ್‌ನಲ್ಲಿ ಪೇಮೆಂಟ್ ಟ್ಯಾಬ್ ತೆಗೆದೆ. ಹಿಂದಿನ ವಾರದ ಸೆಟ್ಲ್‌ಮೆಂಟ್, ಅಂದರೆ ಕಮಿಷನ್, ಶಿಪ್ಪಿಂಗ್ ಕಳೆದು ಪೋರ್ಟಲ್ ಕೊಡೋ ದುಡ್ಡು, ಬಂದಿತ್ತು. ಅರ್ಧ ಕಿಲೋ ಡಬ್ಬಿ (ಬ್ಯಾಡಗಿ ಕಾಯಿಯ ಒಂದು ತಳಿ) ಮೆಣಸಿನಕಾಯಿಯ ಆರ್ಡರಿಗೆ 241 ರೂಪಾಯಿ ಬರಬೇಕಾದ ಕಡೆ 182 ಬಂದಿತ್ತು. ಯಾವುದೋ ರಿಟರ್ನ್ ಹೊಡೆದಿರಬೇಕು ಅಂದುಕೊಂಡು ಕೆಳಗೆ ಹೋದೆ. 182. 182. ನಡುವೆ ಬೆಂಗಳೂರಿನದೊಂದು 205. ಮತ್ತೆ 182. ಚಹಾ ಆರಿಹೋಯಿತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಅಂಗಡಿಯೊಂದರ 'ಆನ್‌ಲೈನ್ ಸೆಕ್ಷನ್' ನಾನು. ಸೆಕ್ಷನ್ ಅಂದರೆ ನಾನು, ಒಂದು ಲ್ಯಾಪ್‌ಟಾಪು, ಒಂದು ಲೇಬಲ್ ಪ್ರಿಂಟರು, ಮತ್ತೆ ಪ್ಯಾಕಿಂಗಿಗೆ ಇಬ್ಬರು ಅಕ್ಕಂದಿರು. ಮೊದಲು ಇಲ್ಲೇ ಲೆಕ್ಕ ಬರೀತಿದ್ದೆ. ಕಂಪ್ಯೂಟರ್ ಬರ್ತದ ಅನ್ನೋ ಕಾರಣಕ್ಕೆ ಸಾಹುಕಾರ್ರು ಇದನ್ನೂ ನನ್ನ ಕೊರಳಿಗೆ ಕಟ್ಟಿದರು.

ನನಗೊಂದು ಕೆಟ್ಟ ಚಟ. ಯಾವುದೇ ರೇಟು ಇಳಿದರೂ ಸಾಹುಕಾರ್ರ ಮುಂದೆ ಓಡಿಹೋಗಿ ಹೇಳೋದು. 2024ರ ಜುಲೈ 10ರಿಂದ ಜಿಎಸ್‌ಟಿ ಟಿಸಿಎಸ್ (ಪೋರ್ಟಲ್ ನಮ್ಮ ದುಡ್ಡಲ್ಲಿ ಮೊದಲೇ ಹಿಡಿದು ಸರಕಾರಕ್ಕೆ ಕಟ್ಟೋ ತೆರಿಗೆ) ಶೇ. 1ರಿಂದ ಅರ್ಧಕ್ಕೆ ಇಳಿದಾಗ ಹೇಳಿದೆ. ಅದೇ ಅಕ್ಟೋಬರ್ 1ರಿಂದ ಹಾಗೇ ಹಿಡಿಯೋ ಆದಾಯ ತೆರಿಗೆ, 194-ಓ ಟಿಡಿಎಸ್, ಶೇ. 1ರಿಂದ 0.1ಕ್ಕೆ ಬಂದಾಗಲೂ ಹೇಳಿದೆ. ಅವೆರಡೂ ಖರೆ ಇಳಿಕೆಗಳೇ. ನಮ್ಮದೇ ದುಡ್ಡು ರಿಟರ್ನ್ ಹಾಕುವ ತನಕ ಅಲ್ಲಿ ಸಿಕ್ಕಿಬೀಳೋದು ಕಮ್ಮಿ ಆತು. ಎರಡೂ ಸಲ ಸಾಹುಕಾರ್ರು ನಕ್ಕಿದ್ದರು. ಹಾಗಾಗಿ ಸೇಲಿಗೆ ಮೊದಲು ಪೋರ್ಟಲ್‌ನಿಂದ 'ಕಮಿಷನ್ ಕಡಿತ' ಅಂತ ಮೇಲ್ ಬಂದಾಗ, ಶೇ. 9ರದ್ದು 6 ಆತು ಅನ್ನೋ ಸಾಲನ್ನಷ್ಟೇ ಓದಿ ಎದ್ದೆ. "ಹಂಗಾದ್ರ ಮೂವತ್ತು ರೂಪಾಯಿ ಕೂಪನ್ ಹಾಕಿಬಿಡೋಣ್ರೀ" ಅಂದವನೂ ನಾನೇ. 399ರ ಮಾಲು 369ಕ್ಕೆ ಬಂತು.

ಅದೇ ಮೇಲ್‌ನ ಬಾಲದಲ್ಲಿ ರೇಟ್ ಕಾರ್ಡಿನ ಪಿಡಿಎಫ್ ಇತ್ತು. ಶಿಪ್ಪಿಂಗ್ ಇನ್ನು ಮುಂದೆ ಬರೀ ಡೆಡ್ ವೇಟ್ (ತಕ್ಕಡಿಯ ತೂಕ) ಮೇಲಲ್ಲ. ಡೆಡ್ ವೇಟ್, ವಾಲ್ಯುಮೆಟ್ರಿಕ್ (ಬಾಕ್ಸಿನ ಅಳತೆಯಿಂದ ಲೆಕ್ಕ ಹಾಕೋ ತೂಕ) ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಅದನ್ನ ನಾನು ತೆರೆದದ್ದು ಆ ಸೋಮವಾರ 3:50ಕ್ಕೆ.

ಪಕ್ಕದ ಟೇಲರ್ ಅಣ್ಣನ ಹತ್ತಿರ ಓಡಿ ಟೇಪ್ ಇಸಕೊಂಡು ಬಂದು ಬಾಕ್ಸ್ ಅಳೆದೆ. ಉದ್ದ 30, ಅಗಲ 22, ಎತ್ತರ 14 ಸೆಂಟಿಮೀಟರ್. ಗುಣಿಸಿದರೆ 9,240. ಕೊರಿಯರ್ ಲೆಕ್ಕದಂತೆ 5,000ದಿಂದ ಭಾಗಿಸಿದರೆ 1.85 ಕಿಲೋ. ಅಂದರೆ 2 ಕಿಲೋ ಸ್ಲ್ಯಾಬು (ದರದ ಹಂತ)! ತಕ್ಕಡಿಯಲ್ಲಿ ಅದೇ ಬಾಕ್ಸ್ 620 ಗ್ರಾಂ. 76 ರೂಪಾಯಿಯ ಶಿಪ್ಪಿಂಗ್ 138 ಆಗಿತ್ತು, ಅದರ ಮೇಲೆ ಶೇ. 18 ಜಿಎಸ್‌ಟಿ. ಕಮಿಷನ್‌ನಲ್ಲಿ ಉಳಿದದ್ದು ಜಿಎಸ್‌ಟಿ ಸೇರಿ 14, ಶಿಪ್ಪಿಂಗ್‌ನಲ್ಲಿ ಹೋದದ್ದು 73. ಕೂಪನ್ ಸೇರಿಸಿ ಲೆಕ್ಕ ಹಾಕಿದೆ: ಕೈಗೆ ಬರೋದು 154. ಮಾಲು, ಪ್ಯಾಕಿಂಗು ಸೇರಿ ನಮ್ಮ ಖರ್ಚೇ 222. ಒಂದೊಂದು ಬಾಕ್ಸಿಗೆ 68 ರೂಪಾಯಿ ನಾವೇ ಕೊಟ್ಟು ಕಳಿಸಿದ ಹಾಗೆ. ಮೊದಲೆರಡು ದಿನದ 143 ಬಾಕ್ಸ್ ಆಗಲೇ ಹೋಗಿಬಿಟ್ಟಿದ್ದವು.

ಆ ದೊಡ್ಡ ಬಾಕ್ಸ್ ಕೂಡ ನನ್ನದೇ ಐಡಿಯಾ. ಬೇಸಿಗೆಯಲ್ಲಿ 'ಕಾಯಿ ಮುರಿದು ಬೀಜ ಉದುರಿದೆ' ಅಂತ ನಾಲ್ಕು ರಿವ್ಯೂ ಬಂದಿದ್ದವು. (ಐದನೆಯದು 'ಖಾರವೇ ಇಲ್ಲ' ಅಂತ. ಬ್ಯಾಡಗಿ ಕಾಯಿ ತಗೊಂಡು ಬಣ್ಣ ಬಿಟ್ಟು ಖಾರ ಹುಡುಕುವವರಿಗೆ ಏನು ಹೇಳೋಣ? ಆ ರಿಟರ್ನನ್ನೂ ನಾವೇ ನುಂಗಿದೆವು.) ಅದಕ್ಕೆ ಹಳೆ ಸಣ್ಣ ಬಾಕ್ಸ್ ಅಟ್ಟಕ್ಕೆ ಹಾಕಿ, ಕಾಯಿ ಆರಾಮಾಗಿ ಮಲಗುವಂಥ ಹೊಸದನ್ನ ಮಾಡಿಸಿದ್ದೆ. ಅನ್‌ಬಾಕ್ಸಿಂಗ್ ಚಂದ ಕಾಣ್ತದ ಅಂತ ಬೇರೆ ಭಾಷಣ ಮಾಡಿದ್ದೆ.

ಈಗ ಹೇಳಬೇಕಾದ್ದು ನಾಚಿಕೆಯ ಭಾಗ. ಹೊಸ ಆರ್ಡರ್ ಬರಬಾರದು ಅಂತ 4 ಗಂಟೆಗೆ ನಾನು ಪ್ಯಾನೆಲ್‌ನಲ್ಲಿ ಸ್ಟಾಕ್ ಸೊನ್ನೆ ಮಾಡಿದೆ. ಅಷ್ಟಕ್ಕೇ ನಿಂತಿದ್ದರೆ ಒಳ್ಳೇದಿತ್ತು. ಕೈ ನಡುಗ್ತಿತ್ತು, ಒಂದೊಂದೇ ಆರ್ಡರ್ ಕ್ಯಾನ್ಸಲ್ ಮಾಡಾಕ ಶುರು ಹಚ್ಚಿದೆ. ಒಂದು ಕ್ಯಾನ್ಸಲ್ ಅಂದರೆ 68 ಉಳೀತು ಅನ್ನೋದೊಂದೇ ಲೆಕ್ಕ ತಲೆಯಲ್ಲಿ. ಹದಿನಾಲ್ಕನೆಯದಕ್ಕೆ ಬಂದಾಗ ಪುಟದ ತಲೆಯಲ್ಲಿ ಅಕೌಂಟ್ ಹೆಲ್ತ್ (ಪೋರ್ಟಲ್ ಮಾರುವವರಿಗೆ ಕೊಡೋ ಗುರುತು) ಹಳದಿಗೆ ತಿರುಗಿತು, ಅಲ್ಲಿಗೆ ನಿಲ್ಲಿಸಿದೆ. ಸೆಲ್ಲರ್ ಕ್ಯಾನ್ಸಲ್‌ಗೆ ಪೆನಾಲ್ಟಿ ಬೇರೆ. ಇದು ನನಗೆ ಗೊತ್ತಿರದ ವಿಷಯವಲ್ಲ. ಹೋದ ವರ್ಷ ಹೊಸ ಹುಡುಗನಿಗೆ ಇದನ್ನ ಪಾಠ ಹೇಳಿಕೊಟ್ಟವನೇ ನಾನು.

ಪ್ಯಾಕಿಂಗಿನ ದೊಡ್ಡಕ್ಕ ಅಷ್ಟೊತ್ತೂ ನೋಡ್ತಾ ನಿಂತಿದ್ದರು. ಇಪ್ಪತ್ತು ವರ್ಷ ತೊಟ್ಟು ಬಿಡಿಸುವ ಕೆಲಸ ಮಾಡಿ ಬಂದವರು. "ಏನಾತೋ ತಮ್ಮಾ?" ಅಂದರು. ಬಾಕ್ಸ್ ದೊಡ್ಡದಾತು ಅಂದೆ.

"ಅದನ್ನ ಅವತ್ತೇ ನಾ ಅಂದಿನಿ. ಪ್ಯಾಟ್ಯಾಗ ಚೀಲದಾಗ ಇಳದು ತುಳದು ತುಂಬತಾರ. ನೀ ನೋಡಿದ್ರ ಹೂವಿನಂಗ ಮಲಗಸಾಕ ಹತ್ತಿ."

"ಒತ್ತಿದ್ರ ಮುರೀತಾವಲ್ಲ ಅಕ್ಕಾ."

"ಒಣಗಿದ್ದು ಮುರೀತದ. ಇದು ಮುಂಜಾನೆ ಕೋಲ್ಡಿನಿಂದ ತಂದ ಮಾಲು. ಮುಟ್ಟಿ ನೋಡು."

ಮುಟ್ಟಿದೆ. ಮೆತ್ತಗಿತ್ತು, ಬೆರಳಿಗೆ ಸುತ್ತಿದರೂ ಸುತ್ತಿಕೊಳ್ಳುವಷ್ಟು. ಹೊಸ ಮಾಲು ಡಿಸೆಂಬರ್ ಮೇಲೆ ಬರೋದು; ದಸರಾಕ್ಕೆ ಹೋಗೋದೆಲ್ಲ ಕೋಲ್ಡ್ ಸ್ಟೋರೇಜ್ ಮಾಲೇ. ಬೇಸಿಗೆಯಲ್ಲಿ ಮುರಿದದ್ದಕ್ಕೂ ಬಾಕ್ಸಿಗೂ ಸಂಬಂಧವೇ ಇರಲಿಲ್ಲ, ನಾವು ನಡು ಮಧ್ಯಾಹ್ನದ ಬಿಸಿಲಲ್ಲಿ ತುಂಬ್ತಿದ್ದೆವು ಅಷ್ಟೇ. ಇದನ್ನ ಯಾರಿಗಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅಟ್ಟದ ಮೇಲಿಂದ ಹಳೆ ಬಾಕ್ಸ್ ಇಳಿಸಿದೆವು. 22, 16, 10. ಭಾಗಿಸಿದರೆ 0.7, ಅಂದರೆ 1 ಕಿಲೋ ಸ್ಲ್ಯಾಬು. ಲೇಬಲ್ ಕಿತ್ತರೆ ಬಾರ್‌ಕೋಡ್ ಹರಿಯುತ್ತಿತ್ತು, ಮತ್ತೆ ಪ್ರಿಂಟ್ ಕೊಡಬೇಕು. ಪ್ರಿಂಟರಿನಲ್ಲಿ ಅದೇ ಹೊತ್ತಿಗೆ ರೋಲ್ ಸಿಕ್ಕಿಕೊಳ್ಳಬೇಕೇ! ದೊಡ್ಡಕ್ಕ ಪೌಚ್ ಒತ್ತಿ ಸೀಲ್ ಮಾಡೋದು, ಸಣ್ಣಕ್ಕ ಬಾಕ್ಸ್ ಮಡಚೋದು, ನಾನು ಲೇಬಲ್. ಯಾರ ಬಾಯಲ್ಲೂ ಮಾತಿಲ್ಲ, ಕಾಯಿ ಘಾಟಿಗೆ ಬರೋ ಸೀನಷ್ಟೇ. ಪಿಕಪ್ ಹುಡುಗ 5:10ಕ್ಕೆ ಬಂದ. ಹತ್ತು ನಿಮಿಷ ಚಹಾ ಕುಡಿಸಿ ನಿಲ್ಲಿಸಿಕೊಂಡೆವು. 61 ಬಾಕ್ಸ್ ಬದಲಾಗಿದ್ದವು. ಉಳಿದ 21 ಹಾಗೇ ದೊಡ್ಡ ಬಾಕ್ಸಿನಲ್ಲಿ ಹೋದವು. ಬದಲಾದವುಗಳ ಮೇಲೆ ನಮ್ಮ ಲಾಭ ಬಾಕ್ಸಿಗೆ ಐದು ರೂಪಾಯಿ. ಆ ಐದು ರೂಪಾಯಿಗೆ ಅವತ್ತು ಎಷ್ಟು ಹಿಗ್ಗಿದೆ ಅಂತ ಹೇಳಲಾರೆ.

ಅವತ್ತು ಟೆಂಡರ್ ದಿನ, ರೈತರ ಮಾಲಿಗೆ ವ್ಯಾಪಾರಿಗಳು ರೇಟು ಹಾಕೋ ದಿನ, ಸಾಹುಕಾರ್ರು ಎಪಿಎಂಸಿಯಲ್ಲಿದ್ದರು. ಸಂಜೆ ಬಂದವರು ಪೂರ್ತಿ ಕೇಳಿ, "ಏನಪಾ, ಕಮಿಷನ್ ಇಳದೈತಿ ಅಂದಿದ್ದಿ?" ಅಂದರು. ಅಷ್ಟೇ. ಬೈದಿದ್ದರೆ ನಿದ್ದೆಯಾದರೂ ಬರ್ತಿತ್ತು. ಆಮೇಲೆ ಅವರೇ, "ಇಲ್ಲಿ ಟೆಂಡರ್ ರೇಟು ಮನಸ್ಸಿಗೆ ಬರಲಿಲ್ಲ ಅಂದ್ರ ರೈತ ಮಾಲು ಕೊಡಂಗಿಲ್ಲ ಅಂತಾನ. ನೀ ಒಲ್ಲೆ ಅನ್ನಾಕ ಬಟನ್ ಎಲ್ಲೈತಿ ತೋರಸು" ಅಂದರು. ತೋರಿಸಾಕ ಬಟನ್ ಇರಲಿಲ್ಲ. ಮಾರಾಟ ಮುಂದುವರಿಸಿದರೆ ಒಪ್ಪಿದ ಹಾಗೆ ಅಂತ ಮೇಲ್‌ನಲ್ಲೇ ಬರೆದಿತ್ತು. 2024ರ ಮಾರ್ಚ್ 11ರಂದು ರೇಟು ಬಿತ್ತು ಅಂತ ರೈತರು ಇದೇ ಎಪಿಎಂಸಿಯಲ್ಲಿ ಬೆಂಕಿ ಹಚ್ಚಿದ್ದು ಎಲ್ಲರಿಗೂ ಗೊತ್ತು. ಆದದ್ದು ತಪ್ಪೇ. ಆದರೂ ಸಿಟ್ಟು ಬಂದಾಗ ಎದುರಿಗೆ ಒಂದು ಕಟ್ಟಡವಾದರೂ ಇತ್ತು. ನಮಗಿರೋದು ಪೋರ್ಟಲ್‌ಗೆ ಹಾಕಿದ ದೂರಿನ ಟಿಕೆಟ್ ನಂಬರು.

ಆ ಟಿಕೆಟ್ ಕಥೆ ಚಿಕ್ಕದು. ಟೇಪ್ ಹಿಡಿದು ಫೋಟೋ ತೆಗೆದು, ಸಣ್ಣ ಬಾಕ್ಸಿಗೂ 2 ಕಿಲೋ ಹಾಕಿದ 17 ಆರ್ಡರಿಗೆ ವೇಟ್ ಡಿಸ್ಪ್ಯೂಟ್ (ತೂಕದ ತಕರಾರು) ಹಾಕಿದೆ. 6 ಒಪ್ಪಿದರು. 11ಕ್ಕೆ 'ಸೂಕ್ತ ಪುರಾವೆ ಇಲ್ಲ' ಅಂತ ಬಂತು, ಫೋಟೋ ಅದೇ, ಟೇಪೂ ಅದೇ. ಒಟ್ಟು ಹನ್ನೊಂದು ಸಾವಿರದ ಮೇಲೆ ಹೋಯಿತು, ಪೆನಾಲ್ಟಿ ಬಿಟ್ಟು. ಜಿಎಸ್‌ಟಿ ಕ್ರೆಡಿಟ್ ಒಂದಿಷ್ಟು ವಾಪಸ್ ಬರ್ತದ ಅಂತ ಸಿಎ ಸಮಾಧಾನ ಹೇಳಿದರು.

ಈಗ ಪಿಡಿಎಫ್ ಮೊದಲು ತೆರೀತೀನಿ, ಮೇಲ್ ಆಮೇಲೆ. ಸೇಲಿಗೆ ಸೇರೋ ಮುಂಚೆ ಒಂದು ಆರ್ಡರಿನ ಲೆಕ್ಕವನ್ನ ಹಾಳೆ ಮೇಲೆ ಬರೆದು ದೊಡ್ಡಕ್ಕಗೂ ತೋರಸ್ತೀನಿ, ಅವರಿಗೆ ಶೇಕಡಾ ಬರಲ್ಲ, ಆದರೆ "ಇದ್ಯಾಕ ಇಷ್ಟು?" ಅಂತ ಸರಿಯಾದ ಕಡೆ ಬೆರಳಿಡ್ತಾರೆ. ದೊಡ್ಡ ಬಾಕ್ಸ್ ಇನ್ನೂ ನಾನೂರು ಉಳಿದಾವೆ, ಸಾಹುಕಾರ್ರ ಮೊಮ್ಮಗ ಅವುಗಳಲ್ಲಿ ಮನೆ ಕಟ್ಟಿ ಆಡ್ತಾನೆ. ಟೇಲರ್ ಅಣ್ಣ ಟೇಪ್ ಕೇಳಿಕೊಂಡು ಎರಡು ಸಲ ಬಂದು ಹೋದರು. ಹೊಸದೊಂದು ತಂದು ಕೊಡಬೇಕು.